ಕಾವಿಗೆ ಕೂತ ಕೋಳಿಯ ಪರವಾಗಿ

ನಮ್ಮೂರ ಸಮುದಾಯ ಭವನದಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಕೋಳಿ ಸಾಕಣೆಯ ಬಗ್ಗೆ ಒಂದು ದಿನದ ತರಬೇತಿ ಇತ್ತು. ಅವ್ವನನ್ನು ಬಿಡಲು ಹೋದ ನಾನೂ ಹಿಂದಿನ ಸಾಲಿನಲ್ಲಿ ಕೂತೆ. ತರಬೇತಿ ಕೊಡಲು ಬಂದವರು ವಿಷಯ ಬಲ್ಲವರೇ. ಹೆಂಗಸರನ್ನು ಗೌರವದಿಂದಲೇ ಮಾತಾಡಿಸುತ್ತಿದ್ದರು. ಬೋರ್ಡಿನ ಮಧ್ಯೆ ಗೆರೆ ಎಳೆದು ಎಡಗಡೆ 'ಸುಧಾರಿತ ತಳಿ', ಬಲಗಡೆ 'ನಾಟಿ ಕೋಳಿ' ಎಂದು ಬರೆದರು. ನಾಟಿ ಕೋಳಿಯ ಕೆಳಗೆ ದೋಷಗಳ ಪಟ್ಟಿ. ಒಂದು, ಮೊಟ್ಟೆ ಕಡಿಮೆ. ಎರಡು, ಬೆಳವಣಿಗೆ ನಿಧಾನ. ಮೂರು, ಪದೇ ಪದೇ ಕಾವಿಗೆ ಕೂರುವುದು.

ಮೂರನೆಯದನ್ನು ಓದಿ ಹೇಳುತ್ತಿದ್ದಂತೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೇಳಿದರು: “ಕಾವು ಕೂರ್ದೆ ಹೋದ್ರೆ ಪಿಳ್ಳೆ ಎಲ್ಲಿಂದ ಬತ್ತವೆ ಸಾ?”

“ಮರಿ ನಾವು ಕೊಡ್ತೀವಲ್ಲಮ್ಮ.”

“ಅವು ಮುಗ್ದೋದ್ ಮ್ಯಾಲೆ?”

“ಮತ್ತೆ ತಗೋಬಹುದು.”

“ದುಡ್ಡಿಗಾ?”

ಎಲ್ಲರೂ ನಕ್ಕರು. ತರಬೇತಿ ಕೊಡುತ್ತಿದ್ದವರೂ ನಕ್ಕರು. ಊಟದ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಆದರೆ ಆ ಅಜ್ಜಿ ತಮಾಷೆಗೆ ಕೇಳಿರಲಿಲ್ಲ. ಕೋಳಿ ಸಾಕಣೆಯ ಅರ್ಥಶಾಸ್ತ್ರವನ್ನೆಲ್ಲ ಒಂದೇ ಪದದಲ್ಲಿ ಕೇಳಿದ್ದರು. ಆ ಪ್ರಶ್ನೆಗೆ ಅಂದು ಸಿಗದ ಉತ್ತರ ಸಿಗಲೇಬೇಕು ಎಂಬ ಹಟದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ತಕರಾರು ಇಬ್ಬರ ಮೇಲಿದೆ. ಕಾವಿಗೆ ಕೂರುವುದನ್ನು ದೋಷ ಎಂದು ಬರೆಯುವ ತಜ್ಞರು ಮೊದಲನೆಯವರು. ಎರಡನೆಯವರು ನಾವು, ಅಂದರೆ ಓದುವ ಬರೆಯುವ ಜನ. ನಮಗೆ ಕಾವಿಗೆ ಕೂತ ಕೋಳಿ ಕಂಡ ಕೂಡಲೇ ತಾಯ್ತನ, ತ್ಯಾಗ, ತಪಸ್ಸು ಎಂಬ ಮಾತುಗಳು ನಾಲಿಗೆಯ ತುದಿಗೆ ಬಂದುಬಿಡುತ್ತವೆ. ಒಬ್ಬರು ಬೈಯುತ್ತಾರೆ, ಇನ್ನೊಬ್ಬರು ಹಾಡಿ ಹೊಗಳುತ್ತಾರೆ. ಮಂಕರಿಯಲ್ಲಿ ಕೂತ ಕೋಳಿ ಅಲ್ಲಿ ಏನು ಮಾಡುತ್ತಿದೆ ಎಂದು ಬಗ್ಗಿ ನೋಡುವ ವ್ಯವಧಾನ ಇಬ್ಬರಿಗೂ ಇಲ್ಲ. ಮೊದಲು ಅದನ್ನು ನೋಡೋಣ.

ನಾಟಿ ಹ್ಯಾಟೆ ದಿನಕ್ಕೊಂದರಂತೆ, ನಡುನಡುವೆ ಒಂದೆರಡು ದಿನ ಬಿಟ್ಟು, ಹನ್ನೆರಡು ಹದಿನೈದು ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆಗೂ ಕೊನೆಯ ಮೊಟ್ಟೆಗೂ ಎರಡು ವಾರಕ್ಕೂ ಹೆಚ್ಚು ಅಂತರ ಇರಬಹುದು. ಆದರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ. ಮೊಟ್ಟೆಯೊಳಗಿನ ಜೀವ ತಣ್ಣಗಿರುವಷ್ಟು ಕಾಲ ಬೆಳೆಯದೆ ಸುಮ್ಮನೆ ಕಾಯುತ್ತದೆ, ಅದಕ್ಕೇ ಇದು ಸಾಧ್ಯ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆ ನಿಂತೇ ಇರುತ್ತದೆ. ಕೋಳಿ ಪೂರ್ತಿ ಕಾವಿಗೆ ಕೂತು ಮೈಬಿಸಿ ತಾಗಿದಾಗ ಎಲ್ಲ ಮೊಟ್ಟೆಗಳ ಗಡಿಯಾರವೂ ಒಟ್ಟಿಗೆ ಶುರುವಾಗುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಮನೆಯೊಳಗೇ 30 ಡಿಗ್ರಿ ದಾಟಿದಾಗ ಇದು ಎಡವಟ್ಟಾಗುತ್ತದೆ. ಕಾವು ಸಿಗುವ ಮೊದಲೇ ಬೆಳವಣಿಗೆ ಅರೆಬರೆ ಶುರುವಾಗಿ ಮೊಟ್ಟೆ ಕೆಡುತ್ತದೆ. ಬೇಸಿಗೆಯಲ್ಲಿ ಹಳೆಯ ಮೊಟ್ಟೆ ಇಡಬೇಡ ಎಂದು ಅವ್ವ ಹೇಳುವುದರ ಹಿಂದೆ ಇರುವುದು ಇದೇ ವಿಜ್ಞಾನ.

ಕಾವಿಗೆ ಕೂರುವ ಹೊತ್ತಿಗೆ ಕೋಳಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಮೊಟ್ಟೆ ಇಡುವುದು ನಿಲ್ಲುತ್ತದೆ. ಎದೆಯ ಪುಕ್ಕ ಉದುರಿ ಬರಿ ಚರ್ಮ ಕಾಣುತ್ತದೆ. ಅಲ್ಲಿ ರಕ್ತನಾಳಗಳು ಹೆಚ್ಚಿ ಆ ಜಾಗ ಬಿಸಿಯಾಗುತ್ತದೆ. ಆ ಬರಿ ಚರ್ಮ ನೇರವಾಗಿ ಮೊಟ್ಟೆಗೆ ತಾಗಬೇಕು. ಯಂತ್ರಗಳಲ್ಲಿ 37.5 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಲು ಹೆಣಗುವ ಶಾಖವನ್ನು ಕೋಳಿ ಎದೆಯಿಂದ ಕೊಡುತ್ತದೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ, ಅಂಚಿನವನ್ನು ನಡುವಿಗೆ, ನಡುವಿನವನ್ನು ಅಂಚಿಗೆ ತಳ್ಳುತ್ತದೆ. ಹೊರಳಿಸದೆ ಬಿಟ್ಟರೆ ಬೆಳೆಯುವ ಭ್ರೂಣ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ಹೋಗಿ, ನಾಲ್ಕು ಕಾಳು ತಿಂದು, ನೀರು ಕುಡಿದು, ತಿಪ್ಪೆಯ ದೂಳಿನಲ್ಲಿ ಹೊರಳಾಡಿ ಮತ್ತೆ ಬಂದು ಕೂರುತ್ತದೆ. ಹೀಗೆ 21 ದಿನ.

ಹತ್ತೊಂಬತ್ತು ಇಪ್ಪತ್ತನೇ ದಿನದ ಹೊತ್ತಿಗೆ ಮರಿ ಮೊಟ್ಟೆಯೊಳಗಿನ ಗಾಳಿಯ ಕೋಣೆಗೆ ಕೊಕ್ಕು ಚುಚ್ಚಿ ಮೊದಲ ಉಸಿರು ಎಳೆಯುತ್ತದೆ. ಒಳಗಿಂದ ಚಿಂಯ್ ಅನ್ನುತ್ತದೆ. ಹೊರಗಿಂದ ಕೋಳಿ ಸಣ್ಣ ದನಿಯಲ್ಲಿ ಕೊಕ್‌ಕೊಕ್ ಎಂದು ಮಾತಾಡಿಸುತ್ತದೆ. ಕೊಕ್ಕಿನ ತುದಿಯಲ್ಲಿ ಇದೊಂದೇ ಕೆಲಸಕ್ಕೆಂದು ಹುಟ್ಟಿ ಆಮೇಲೆ ಉದುರಿಹೋಗುವ ಚೂಪು ಮುಳ್ಳಿನಿಂದ ಮರಿ ಚಿಪ್ಪನ್ನು ಕುಟ್ಟುತ್ತದೆ. ಮೊದಲ ಬಿರುಕು ಬಿಟ್ಟ ಮೇಲೂ ಪೂರ್ತಿ ಹೊರಬರಲು ಅರ್ಧ ದಿನ, ಕೆಲವು ಸಲ ಒಂದು ದಿನವೇ ಬೇಕು. ಚಿಕ್ಕವನಿದ್ದಾಗ ನಾನು ಕರುಣೆಯಿಂದ ಚಿಪ್ಪು ಬಿಡಿಸಲು ಹೋಗಿ ರಕ್ತ ಕಂಡು ಹೆದರಿದ್ದೆ. “ಅದಕ್ಕೆ ಬರೋಕೆ ಗೊತ್ತು, ನೀನು ಸುಮ್ನಿರಪ್ಪ” ಎಂದು ಅವ್ವ ಕೈಮೇಲೆ ಹೊಡೆದಿದ್ದಳು. ಒಳಪೊರೆಯ ರಕ್ತವೆಲ್ಲ ಮರಿಯ ಮೈಗೆ ಸೇರುವವರೆಗೆ ಕಾಯಬೇಕು ಎಂದು ಪುಸ್ತಕಗಳು ಹೇಳುವುದನ್ನು ಓದಿದ್ದು ಬಹಳ ವರ್ಷದ ಮೇಲೆ.

ಹೊರಬರುವ ಮುನ್ನ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯಲ್ಲಿ ಎರಡು ದಿನ ಅನ್ನನೀರಿಲ್ಲದೆ ಬದುಕಬಲ್ಲದು. ಮೊದಲು ಹುಟ್ಟಿದವು ಹಸಿವಿನಿಂದ ಗೋಳಾಡದೆ ರೆಕ್ಕೆಯಡಿ ಕಾಯಲಿ, ತಡವಾದವುಗಳಿಗೂ ಕಾವು ಸಿಗಲಿ ಎಂಬ ಏರ್ಪಾಟು ಇದು. ಇದೇ ಬುತ್ತಿಯ ಬಲದಿಂದ ಹ್ಯಾಚರಿಗಳು ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಊರೂರಿಗೆ ಕಳಿಸುತ್ತವೆ. ಕಾವಿಗೆ ಕೂರುವ ಕೋಳಿಗಾಗಿ ಪ್ರಕೃತಿ ಮಾಡಿಟ್ಟ ಏರ್ಪಾಟಿನ ಮೇಲೆಯೇ ಕಾವನ್ನು ದೋಷವೆನ್ನುವ ಉದ್ಯಮ ನಡೆಯುತ್ತಿದೆ.

ಈಗ ತಜ್ಞರ ಲೆಕ್ಕಕ್ಕೆ ಬರೋಣ. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಗಿರಿರಾಜ ಸುಮಾರು 130ರಿಂದ 150 ಇಡುತ್ತದೆ. ಫಾರಂಗಳ ಬಿಳಿ ಲೆಗ್‌ಹಾರ್ನ್ ಜಾತಿಯವು 300 ದಾಟುತ್ತವೆ. ಬೋರ್ಡಿನ ಮೇಲೆ ಈ ಮೂರು ಅಂಕಿ ಬರೆದರೆ ವಾದ ಮುಗಿಯಿತು ಅನ್ನಿಸುತ್ತದೆ. ಆದರೆ ನಾಟಿ ಕೋಳಿಯ ವರ್ಷವನ್ನು ಬಿಡಿಸಿ ನೋಡಿ. ಒಂದು ಸರದಿಗೆ ಎರಡು ಮೂರು ವಾರ ಮೊಟ್ಟೆ, ಮೂರು ವಾರ ಕಾವು, ಆಮೇಲೆ ಆರೆಂಟು ವಾರ ಮರಿಗಳ ಹಿಂದೆ ಓಡಾಟ. ಇಂಥ ಸರದಿ ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಉಳಿದ ದಿನಗಳಲ್ಲಿ ಅದು ಸೋಮಾರಿಯಾಗಿ ಕೂತಿರಲಿಲ್ಲ. ಹ್ಯಾಚರಿಯ ಯಂತ್ರ, ಕರೆಂಟು, ಮರಿಗಳಿಗೆ ಬೆಚ್ಚಗಿಡುವ ಬಲ್ಬು, ಕಾವಲುಗಾರ, ಮೇವು ಹುಡುಕಲು ಕಲಿಸುವ ಮೇಷ್ಟ್ರು ಇಷ್ಟರ ಕೆಲಸವನ್ನೂ ಒಂದೇ ಮೈಯಲ್ಲಿ ಮಾಡುತ್ತಿತ್ತು. ಒಂದು ಕಡೆ ಮೊಟ್ಟೆಯನ್ನಷ್ಟೇ ಎಣಿಸಿ, ಇನ್ನೊಂದು ಕಡೆ ಹ್ಯಾಚರಿಯ ಖರ್ಚನ್ನು ಲೆಕ್ಕಕ್ಕೇ ತರದೆ ಹೋಲಿಸುವುದು ಬಾಣಂತಿಯ ಹಾಜರಿ ಪುಸ್ತಕದಲ್ಲಿ 'ಗೈರುಹಾಜರು' ಎಂದು ಬರೆದಂತೆ.

ತಪ್ಪು ತಿಳಿಯಬೇಡಿ. ಕಾವಿಗೆ ಕೂರದ ಕೋಳಿ ಇರಲೇಬಾರದು ಎಂಬುದು ನನ್ನ ವಾದವಲ್ಲ. ಸರ್ಕಾರಿ ಶಾಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಿದೆ. ಅದಕ್ಕೆ ನಮ್ಮ ರಾಜ್ಯದಲ್ಲಿ ಎಷ್ಟು ಜಗಳ ಆಯಿತು ಎಂಬುದು ಎಲ್ಲರಿಗೂ ನೆನಪಿದೆ. ಆ ಮೊಟ್ಟೆಗಳನ್ನು ಅಷ್ಟು ಸಂಖ್ಯೆಯಲ್ಲಿ, ಅಷ್ಟು ಅಗ್ಗಕ್ಕೆ ಅಜ್ಜಿಯ ಹಿತ್ತಲಿನಿಂದ ತರಲಾಗದು. ಫಾರಂ ಬೇಕು, ಯಂತ್ರವೂ ಬೇಕು. ಯಂತ್ರದಲ್ಲಿ ಮರಿ ಮಾಡಿಸುವುದು ಹೊಸ ಪಾಪವೂ ಅಲ್ಲ. ಈಜಿಪ್ಟಿನಲ್ಲಿ ತಿಪ್ಪೆಯ ಬಿಸಿಯಲ್ಲಿ ಮೊಟ್ಟೆ ಹೂತು ಮರಿ ಮಾಡುತ್ತಾರೆಂದು ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿದ್ದಾನೆ. ನಾನು ವಿರೋಧಿಸುತ್ತಿರುವುದು ಫಾರಂಗೆ ಸರಿಯಾದ ಅಳತೆಗೋಲನ್ನು ತಂದು ಹಿತ್ತಲಿಗೆ ಹಿಡಿಯುವುದನ್ನು. ಹತ್ತು ಸಾವಿರ ಕೋಳಿ ಸಾಕುವವನಿಗೆ ಕಾವು ನಷ್ಟ. ಎರಡು ಹ್ಯಾಟೆ ಸಾಕುವವಳಿಗೆ ಕಾವೇ ಬಂಡವಾಳ.

ಹೇಗೆ ಬಂಡವಾಳ? ನಮ್ಮ ಕಡೆ ಹಳ್ಳಿಯಲ್ಲಿ ಹೊಲ ಗಂಡಸಿನ ಹೆಸರಿನಲ್ಲಿರುತ್ತದೆ. ಹಾಲಿನ ಡೇರಿಯ ದುಡ್ಡು ಸಾಲಕ್ಕೆ ಹೋಗುತ್ತದೆ. ಕೋಳಿಯ ದುಡ್ಡು ಮಾತ್ರ ಹೆಂಗಸಿನ ಸೆರಗಿನ ಗಂಟು. ಮಗಳಿಗೆ ನೋಟ್‌ಬುಕ್ಕು, ತವರಿಗೆ ಹೋಗಿಬರುವ ಬಸ್ ಚಾರ್ಜು, ರಾತ್ರೋರಾತ್ರಿ ಜ್ವರಕ್ಕೆ ಡಾಕ್ಟರ ಫೀಸು, ಇವೆಲ್ಲ ಎಷ್ಟೋ ಸಲ ಒಂದು ಹುಂಜದ ಬೆಲೆಯಲ್ಲಿ ನಡೆಯುತ್ತವೆ. ಆ ಹುಂಜಕ್ಕೆ ಅವಳು ದುಡ್ಡು ಕೊಟ್ಟಿರಲಿಲ್ಲ. ಮೊಟ್ಟೆ ಇಟ್ಟಳು, ಮರಿ ಮಾಡಿಸಿದಳು, ಉಳಿಸಿದಳು. ಕೋಳಿ ಕೊಳ್ಳಲೂ ಆಗದವಳಿಗೆ ಪಾಲಿಗೆ ಸಾಕುವ ದಾರಿ ಇದೆ. ಪಕ್ಕದ ಮನೆಯವಳ ಹ್ಯಾಟೆಯನ್ನು ತಂದು ಸಾಕಿ, ಮರಿ ಆದ ಮೇಲೆ ಅರ್ಧ ಅವಳಿಗೆ ಅರ್ಧ ಇವಳಿಗೆ. ಒಂದು ಪೈಸೆ ಕೈ ಬದಲಾಗದೆ, ಅರ್ಜಿಯಿಲ್ಲದೆ, ಆಧಾರ್ ಕಾರ್ಡಿನ ಜೆರಾಕ್ಸ್ ಇಲ್ಲದೆ, ಏನೂ ಇಲ್ಲದವಳು ಮೂರು ತಿಂಗಳಲ್ಲಿ ನಾಲ್ಕು ಕೋಳಿಯ ಒಡತಿಯಾಗುತ್ತಾಳೆ. ಕಾವಿಗೆ ಕೂರದ ಕೋಳಿಯನ್ನು ಪಾಲಿಗೆ ಕೊಡಲಾಗುವುದಿಲ್ಲ. ಮರಿಯೇ ಇಲ್ಲದಲ್ಲಿ ಪಾಲೆಲ್ಲಿಯದು?

ಈಗ ಆ ಅಜ್ಜಿಯ “ದುಡ್ಡಿಗಾ?” ಎಂಬ ಪ್ರಶ್ನೆಗೆ ಬನ್ನಿ. ಗಿರಿರಾಜವಾಗಲಿ ಅನಂತರ ಬಂದ ಸ್ವರ್ಣಧಾರವಾಗಲಿ ಕೆಟ್ಟ ಕೋಳಿಗಳಲ್ಲ. ನಾಟಿಯಂತೆ ಬಣ್ಣಬಣ್ಣದವು, ಬೇಗ ತೂಕ ಬರುತ್ತವೆ, ಹಿತ್ತಲಲ್ಲೂ ಬದುಕುತ್ತವೆ. ಆದರೆ ಇವು ಬೆರಕೆಯಿಂದ ಪಡೆದ ತಳಿಗಳು. ಮೊಟ್ಟೆಯಿಂದ ಮರಿ ಮಾಡಿಸಿದರೂ ಅದೇ ಗುಣ ಹಾಗೇ ಮುಂದುವರಿಯುತ್ತದೆಂಬ ಭರವಸೆ ಇಲ್ಲ. ತಾನಾಗಿ ಕಾವಿಗೆ ಕೂತು ಮರಿ ಮಾಡುವುದನ್ನಂತೂ ಅವುಗಳಿಂದ ನಿರೀಕ್ಷಿಸುವಂತಿಲ್ಲ. ಅಂದರೆ ಪ್ರತಿ ಸಲ ಮರಿಗಾಗಿ ಕೇಂದ್ರಕ್ಕೆ ಹೋಗಬೇಕು, ಹೆಸರು ಬರೆಸಬೇಕು, ಕಾಯಬೇಕು, ಕೊಳ್ಳಬೇಕು. ನಿನ್ನೆಯವರೆಗೆ ಮರಿ ಮಾಡಿಸುತ್ತಿದ್ದವಳು ಇಂದಿನಿಂದ ಮರಿ ಕೊಳ್ಳುವವಳಾಗುತ್ತಾಳೆ.

ಇದರಲ್ಲೊಂದು ತಮಾಷೆಯೂ ಇದೆ. ಗಿರಿರಾಜದ ಮೊಟ್ಟೆ ಸಿಕ್ಕರೆ ನಮ್ಮ ಹೆಂಗಸರು ಅದನ್ನು ಏನು ಮಾಡುತ್ತಾರೆ ಗೊತ್ತೇ? ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ ಇಡುತ್ತಾರೆ. ಬೋರ್ಡಿನ ಎಡಗಡೆಯ ಕೋಳಿಗೆ ಹಳ್ಳಿಯಲ್ಲಿ ಮುಂದಿನ ತಲೆಮಾರು ಸಿಗುವುದೇ ಬಲಗಡೆಯ ಕೋಳಿಯ 'ದೋಷ'ದಿಂದ.

ಬೀಜದ ವಿಷಯದಲ್ಲಿ ಈ ಮಾತು ನಮಗೆ ಚೆನ್ನಾಗಿ ಗೊತ್ತು. 1992ರ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದಾಗ ಬೀಜ ಯಾರದು ಎಂಬ ಪ್ರಶ್ನೆ ಇಡೀ ನಾಡಿನ ಪ್ರಶ್ನೆಯಾಯಿತು. ಅಂದಿನಿಂದ ನಾವು ಬೀಜದ ಬಗ್ಗೆ ಕವಿತೆ ಬರೆದಿದ್ದೇವೆ, ಬೀಜ ಮೇಳಗಳಿಗೆ ಹೋಗಿ ಫೋಟೋ ತೆಗೆಸಿಕೊಂಡಿದ್ದೇವೆ. ಒಳ್ಳೆಯದೇ. ಆದರೆ ಅದೇ ಪ್ರಶ್ನೆ ಕೋಳಿಮರಿಯ ರೂಪದಲ್ಲಿ ಅಡುಗೆಮನೆಯ ಹಿಂದಿನ ಮಂಕರಿಯಲ್ಲಿ ಕೂತಿರುವುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಬೀಜ ಹೊಲದ್ದು, ಗಂಡಸಿನ ಮಾತು. ಕೋಳಿ ಹಿತ್ತಲಿನದು, ಹೆಂಗಸಿನ ಉಸಾಬರಿ. ನಮ್ಮ ಚಳವಳಿಗಳ ದೃಷ್ಟಿ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಈ ಮಂಕರಿ ತೋರಿಸಿಕೊಡುತ್ತದೆ.

ಹಾಗೆಂದು ಹಿತ್ತಲ ಕೋಳಿ ಅಳಿದುಳಿದ ಸಣ್ಣ ಸಂಗತಿ ಎಂದುಕೊಳ್ಳಬೇಡಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಕೋಳಿ ಮತ್ತಿತರ ಸಾಕುಹಕ್ಕಿಗಳು ಒಟ್ಟು 85 ಕೋಟಿಗೂ ಹೆಚ್ಚು. ಅದರಲ್ಲಿ ಹಿತ್ತಲಲ್ಲಿ ಸಾಕಿದವು 31.7 ಕೋಟಿ. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಹಕ್ಕಿಗಳ ಸಂಖ್ಯೆ ಸುಮಾರು 46ರಷ್ಟು ಶೇಕಡಾ ಏರಿದೆ. ಪೇಟೆಯಲ್ಲಿ 'ನಾಟಿ ಕೋಳಿ ಸಾರು, ಮುದ್ದೆ' ಎಂಬ ಬೋರ್ಡು ನೋಡಿ ಕಾರು ನಿಲ್ಲಿಸುವವರಿಗೆ ಕೊರತೆಯಿಲ್ಲ. ನಾಟಿ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಹೋಟೆಲಿನ ಬೋರ್ಡಿನಲ್ಲಿ ಹೆಮ್ಮೆಯಾದದ್ದು ತರಬೇತಿಯ ಬೋರ್ಡಿನಲ್ಲಿ ದೋಷವಾಗುವುದು ಹೇಗೆ?

ಫಾರಂ ವ್ಯವಸ್ಥೆಯ ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೊಟ್ಟೆಗೆಂದೇ ಬೆಳೆಸಿದ ತಳಿಗಳಲ್ಲಿ ಹುಟ್ಟುವ ಗಂಡುಮರಿಗೆ ಕೆಲಸವಿಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮಾಂಸದ ತಳಿಯಷ್ಟು ಬೇಗ ತೂಕವೂ ಬರುವುದಿಲ್ಲ. ಆದ್ದರಿಂದ ಲೋಕದ ಹ್ಯಾಚರಿಗಳಲ್ಲಿ ಕೋಟಿಗಟ್ಟಲೆ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಆರಂಭದಿಂದ ಇದನ್ನು ನಿಷೇಧಿಸಿತು. ನಾಟಿ ಹ್ಯಾಟೆ ಮರಿ ಮಾಡಿದರೂ ಹೆಚ್ಚುಕಡಿಮೆ ಅರ್ಧ ಗಂಡೇ. ಆದರೆ ಹಿತ್ತಲಿನಲ್ಲಿ ಹುಂಜ ಬೇಡದವನಲ್ಲ. ಹೆಚ್ಚು ಬೆಲೆಗೆ ಹೋಗುವುದೇ ಅವನು. ಅವನೂ ಕೊನೆಗೆ ಮಾರಿಹಬ್ಬಕ್ಕೋ ನೆಂಟರೂಟಕ್ಕೋ ಸಾರಾಗುತ್ತಾನೆ, ನಿಜ. ನಾವು ಕೋಳಿ ತಿನ್ನುವ ಜನ, ಆ ಬಗ್ಗೆ ನಾಚಿಕೆಯೂ ಇಲ್ಲ, ಸೋಗೂ ಇಲ್ಲ. ಆದರೆ ಬಿಸಿಲು ಕಂಡು, ತಿಪ್ಪೆ ಕೆದರಿ, ನಾಲ್ಕು ಬೆಳಗು ಕೂಗಿ ಸಾಯುವುದಕ್ಕೂ ಬೆಳಕು ಕಾಣುವ ದಿನವೇ ಕಸವಾಗಿ ಸಾಯುವುದಕ್ಕೂ ವ್ಯತ್ಯಾಸ ಇಲ್ಲವೆಂದು ನನಗೆ ಹೇಳಲು ಬರಬೇಡಿ.

ಇನ್ನು ನಮ್ಮ ಕಡೆಯವರ ಸರದಿ. ಕಾವಿಗೆ ಕೂತ ಕೋಳಿಯನ್ನು ತ್ಯಾಗಮಯಿ ತಾಯಿ ಮಾಡುವ ಕವಿಗಳೇ, ಕತೆಗಾರರೇ, ಒಂದು ವಾರ ಅದರ ಪಕ್ಕ ಕೂತು ನೋಡಿ. ಅದು ಬಾತುಕೋಳಿ ಮೊಟ್ಟೆ ಇಟ್ಟರೂ ಕೂರುತ್ತದೆ, ಸುಣ್ಣದ ಉಂಡೆ ಇಟ್ಟರೂ ಕೂರುತ್ತದೆ, ಮೊಟ್ಟೆಯನ್ನೆಲ್ಲ ತೆಗೆದು ಬರಿ ಹುಲ್ಲಿದ್ದರೂ ಕೂರುತ್ತದೆ. ಕೈ ಹಾಕಿದರೆ ಪುಕ್ಕ ಕೆದರಿ ರಕ್ತ ಬರುವಂತೆ ಕುಕ್ಕುತ್ತದೆ. ಮರಿಗಳಿಗಾಗಿ ಹದ್ದಿನ ಮೇಲೂ ಹಾರುತ್ತದೆ. ಎರಡು ತಿಂಗಳಾಗುತ್ತಿದ್ದಂತೆ ಅದೇ ಮರಿಗಳನ್ನು ಕುಕ್ಕಿ ಕುಕ್ಕಿ ದೂರ ಅಟ್ಟುತ್ತದೆ. ಮತ್ತೆ ಮೊಟ್ಟೆ ಇಡಲು ಶುರು ಮಾಡುತ್ತದೆ. ಇದು ಆರಂಭ ಮತ್ತು ಅಂತ್ಯ ಎರಡೂ ಇರುವ ಕೆಲಸ. ಕೋಳಿ ಅದನ್ನು ಕಟ್ಟುನಿಟ್ಟಾಗಿ ಮಾಡಿ ಮುಗಿಸುತ್ತದೆ.

ನಾವು ಅದನ್ನು ತ್ಯಾಗ ಎಂದು ಕರೆಯುವುದರಲ್ಲಿ ಒಂದು ಅನುಕೂಲ ಅಡಗಿದೆ. ಕೆಲಸ ಎಂದರೆ ಕೂಲಿ ಕೇಳುತ್ತದೆ, ಲೆಕ್ಕ ಕೇಳುತ್ತದೆ, ಬಿಡುವು ಕೇಳುತ್ತದೆ. ತ್ಯಾಗ ಏನೂ ಕೇಳುವುದಿಲ್ಲ, ಒಂದು ಹಾರ ಹಾಕಿದರೆ ಸಾಕು. ಕೋಳಿಗೆ ಮಾಡಿದ್ದನ್ನೇ ಕೋಳಿ ಸಾಕಿದವಳಿಗೂ ಮಾಡಿದ್ದೇವೆ. ತಜ್ಞರ ಪಟ್ಟಿಯಲ್ಲಿ ಅವಳ ಜಾಣ್ಮೆ 'ಸಾಂಪ್ರದಾಯಿಕ ಪದ್ಧತಿ', ನಮ್ಮ ಕವಿತೆಯಲ್ಲಿ 'ಅವ್ವನ ಮಮತೆ'. ಎರಡರಲ್ಲೂ ಅವಳಿಗೆ ಗೊತ್ತಿರುವುದು ವಿದ್ಯೆ ಅನ್ನಿಸಿಕೊಳ್ಳುವುದಿಲ್ಲ.

ಅವಳಿಗೆ ಗೊತ್ತಿರುವುದಾದರೂ ಏನು? ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾದಷ್ಟೂ ಮರಿಯಾಗುವುದು ಕಡಿಮೆ ಎಂಬುದು ಗೊತ್ತು. ಮೊಟ್ಟೆಯನ್ನು ನೀರಲ್ಲಿ ತೊಳೆಯಬಾರದು ಎಂಬುದು ಗೊತ್ತು. ತೊಳೆದರೆ ಚಿಪ್ಪಿನ ಮೇಲಿನ ತೆಳುಪದರ ಹೋಗಿ ರೋಗಾಣು ಒಳಹೋಗುತ್ತದೆ ಎಂಬುದು ಅದರ ಕಾರಣ. ಮಂಕರಿಗೆ ಕೆಳಗೆ ಬೂದಿ, ಮೇಲೆ ಹುಲ್ಲು ಹಾಕುತ್ತಾಳೆ. ಕೋಳಿಹೇನು ಬಂದರೆ ಕೋಳಿ ಕಾವು ಬಿಟ್ಟು ಎದ್ದುಹೋಗುತ್ತದೆ, ಬೂದಿ ಅದನ್ನು ತಡೆಯುತ್ತದೆ. ಕತ್ತಲಾದ ಮೇಲೆ ಕೂರಿಸುತ್ತಾಳೆ, ಬೆಳಗಾಗುವಷ್ಟರಲ್ಲಿ ಕೋಳಿ ಜಾಗಕ್ಕೆ ಒಗ್ಗಿರುತ್ತದೆ. ಅದರ ಮೈ ಅಳತೆ ನೋಡಿ ಹತ್ತೋ ಹನ್ನೆರಡೋ ಎಂದು ನಿರ್ಧರಿಸುತ್ತಾಳೆ. ಏಳನೇ ದಿನ ಮೊದಲೆಲ್ಲ ಕೈಮುಷ್ಟಿಯ ತೂತಿನಲ್ಲಿ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು, ಈಗ ಮೊಬೈಲ್ ಟಾರ್ಚಿನ ಮೇಲೆ ಇಟ್ಟು ನೋಡುತ್ತಾಳೆ. ಜೇಡನ ಕಾಲಿನಂತೆ ಕೆಂಪು ಗೆರೆ ಕಂಡರೆ ಜೀವ ಕಟ್ಟಿದೆ, ತಿಳಿಯಾಗಿದ್ದರೆ ಇಲ್ಲ. ಮೂರನೇ ದಿನವೇ ಮೊಟ್ಟೆಯೊಳಗೆ ರಕ್ತದ ಚುಕ್ಕೆಯಂತೆ ಹೃದಯ ಮಿಡಿಯುವುದನ್ನು ಕಂಡು ಬರೆದಿಟ್ಟ ಅರಿಸ್ಟಾಟಲ್ ಜೀವಶಾಸ್ತ್ರದ ಪಿತಾಮಹನಾದ. ಅದೇ ಮೊಟ್ಟೆಯನ್ನು ವರ್ಷಕ್ಕೆ ಮೂರು ಸಲ ನೋಡುವ ಅವ್ವ 'ಅವಿದ್ಯಾವಂತ ಫಲಾನುಭವಿ'.

ಜತೆಗೆ ಅವಳು ಮಂಕರಿಯ ಅಡಿಗೆ ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಡುತ್ತಾಳೆ, ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು. ಅದರಿಂದ ಏನೂ ಆಗುವುದಿಲ್ಲ. ಅವಳು ಮಾಡುವುದೆಲ್ಲ ವಿಜ್ಞಾನ ಎಂದು ಹೇಳುವ ಆಸೆ ನನಗಿಲ್ಲ. ಅವಳ ಜಗತ್ತಿನಲ್ಲಿ ಕ್ರೌರ್ಯವೂ ಇದೆ. ಕಾವು ಬೇಡವಾದಾಗ ಕೋಳಿಯನ್ನು ತಣ್ಣೀರಿಗೆ ಅದ್ದುವುದು, ಕಾಲು ಕಟ್ಟಿ ಬಿಸಿಲಲ್ಲಿ ಬಿಡುವುದು, ಮೂಗಿಗೆ ಪುಕ್ಕ ಚುಚ್ಚುವುದು ಇವೆಲ್ಲ ನಮ್ಮ ಹಳ್ಳಿಗಳಲ್ಲೇ ನಡೆಯುತ್ತವೆ. ಒಂದು ಸಲ ಮರಿ ಮಾಡಿದ ಕೋಳಿಯ ಕೆಳಗೆ ಆಸೆಬುರುಕತನದಿಂದ ಮತ್ತೆ ಮೊಟ್ಟೆ ಇಟ್ಟು, ಮೂಳೆ ಚಕ್ಕಳವಾಗುವವರೆಗೆ ಕೂರಿಸುವವರೂ ಇದ್ದಾರೆ. ಇವನ್ನು ಬಿಡಿಸಲು ತರಬೇತಿ ಬೇಕು. ಆದರೆ ನಾನು ಕೂತಿದ್ದ ಆ ತರಬೇತಿಯಲ್ಲಿ ಈ ಮಾತೇ ಬರಲಿಲ್ಲ. ಕಾವೇ ದೋಷವಾದ ಮೇಲೆ ಕಾವು ಕೂತ ಕೋಳಿಯ ಆರೈಕೆ ಯಾರಿಗೆ ಬೇಕು?

ನಾಟಿ ಕೋಳಿ ಸಾಕಣೆಯ ನಿಜವಾದ ಸೋಲು ಎಲ್ಲಿದೆ ಎಂಬುದು ಪ್ರತಿ ಹೆಂಗಸಿಗೂ ಗೊತ್ತು. ಹತ್ತು ಮೊಟ್ಟೆ ಇಟ್ಟರೆ ಏಳೆಂಟು ಮರಿಯಾಗುತ್ತವೆ. ಆ ಏಳೆಂಟರಲ್ಲಿ ದೊಡ್ಡವಾಗುವುದು ನಮ್ಮ ಮನೆಯಲ್ಲಿ ಮೂರೋ ನಾಲ್ಕೋ. ಹದ್ದು ಎತ್ತಿಕೊಂಡು ಹೋಗುತ್ತದೆ, ಮುಂಗುಸಿ ಹಿಡಿಯುತ್ತದೆ, ಬೆಕ್ಕು ಕಚ್ಚುತ್ತದೆ, ಮಳೆಯಲ್ಲಿ ನೆನೆದು ಸೆಟೆದುಕೊಳ್ಳುತ್ತವೆ. ಎಲ್ಲಕ್ಕಿಂತ ಮೇಲೆ ಕೊಕ್ಕರೆ ರೋಗ. ಅದು ಹೊಕ್ಕ ಕೇರಿಯಲ್ಲಿ ವಾರದೊಳಗೆ ಕೋಳಿ ಕೂಗುವ ಸದ್ದೇ ಇರುವುದಿಲ್ಲ. ತೊಂದರೆ ಇರುವುದು ಮೊಟ್ಟೆ ಒಡೆದ ಮೇಲೆ. ಅದಕ್ಕೆ ಮದ್ದಿದೆ. ಮರಿಗೆ ಒಂದು ವಾರವಾದಾಗ ಕಣ್ಣಿಗೋ ಮೂಗಿಗೋ ಬಿಡುವ ಒಂದು ತೊಟ್ಟು ಲಸಿಕೆ ಕೊಕ್ಕರೆ ರೋಗವನ್ನು ತಡೆಯುತ್ತದೆ, ಆಮೇಲೆ ಮತ್ತೆ ಕೊಡಿಸುತ್ತಿರಬೇಕು. ಆದರೆ ಆ ಲಸಿಕೆ ಬರುವುದು ನೂರಾರು ಮರಿಗಳಿಗಾಗುವ ಸೀಸೆಗಳಲ್ಲಿ. ಐಸಿನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಏಳು ಮರಿ ಇರುವ ಹೆಂಗಸು ಅದನ್ನು ಕೊಂಡು ಏನು ಮಾಡಬೇಕು?

ಸರ್ಕಾರ, ಸಂಘ, ಇಲಾಖೆ ಎಲ್ಲವೂ ನೆರವಾಗಬೇಕಾದ ಜಾಗ ಇದು. ತಿಂಗಳಿಗೊಂದು ಗೊತ್ತಾದ ದಿನ ಊರಿನ ಮರಿಗಳಿಗೆಲ್ಲ ಒಟ್ಟಿಗೆ ಲಸಿಕೆ ಹಾಕಲಿ. ಸಂಘದ ಇಬ್ಬರು ಹೆಂಗಸರಿಗೆ ಅದನ್ನು ಹಾಕುವ ತರಬೇತಿಯನ್ನೂ ಕೂಲಿಯನ್ನೂ ಕೊಡಲಿ. ಮೊದಲ ತಿಂಗಳು ಹ್ಯಾಟೆಯನ್ನೂ ಮರಿಗಳನ್ನೂ ಹದ್ದಿನಿಂದ ಕಾಯಲು ಒಂದು ತಂತಿಬಲೆಯ ಪಂಜರ ಕೊಡಲಿ. ಊರಿನಲ್ಲಿ ಚೆನ್ನಾಗಿ ಕಾವು ಕೂತು ಮರಿ ಉಳಿಸುವ ಹ್ಯಾಟೆ ಯಾರ ಮನೆಯದು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅವುಗಳ ಮೊಟ್ಟೆಗಳನ್ನು ಹಂಚಿಕೊಂಡು ಆ ಗುಣವನ್ನು ಬೆಳೆಸುವುದನ್ನು ತಳಿ ಅಭಿವೃದ್ಧಿ ಎಂದು ಕರೆಯಲಿ. ಸುಧಾರಿತ ಮರಿ ಬೇಕಾದವರು ಕೊಳ್ಳಲಿ. ಬೇಡವಾದವರನ್ನು ಹಿಂದುಳಿದವರೆನ್ನುವುದು ಬೇಡ. ಏಳರಲ್ಲಿ ಮೂರು ಉಳಿಯುತ್ತಿದ್ದ ಕಡೆ ಆರು ಉಳಿದರೆ, ಒಂದು ಮೊಟ್ಟೆಯೂ ಹೆಚ್ಚಾಗದೆ ಅವಳ ಆದಾಯ ಎರಡರಷ್ಟಾಗುತ್ತದೆ. ಇಷ್ಟು ಸರಳ ಲೆಕ್ಕ ಬೋರ್ಡಿನ ಮೇಲೆ ಬರದಿರಲು ಕಾರಣ, ಇದರಲ್ಲಿ ಮಾರಲು ಏನೂ ಇಲ್ಲ.

ಶುದ್ಧ ನಾಟಿ, ಅಸಲಿ ದೇಸಿ ಎಂದು ಕೂಗುವವರ ಗುಂಪಿಗೂ ನನ್ನನ್ನು ಸೇರಿಸಬೇಡಿ. ಕೋಳಿಯಲ್ಲಿ ಶುದ್ಧ ಎಂಬುದೇ ಇಲ್ಲ. ಲೋಕದ ಕೋಳಿಗಳ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲಿನ ಕೋಳಿಗೆ ಆ ಹಳದಿ ಕೊಟ್ಟ ಗುಣಾಣು ಬಂದದ್ದು ಪಶ್ಚಿಮ ಘಟ್ಟಗಳಲ್ಲೂ ಇರುವ ಬೂದು ಕಾಡುಕೋಳಿಯಿಂದ ಎಂದು 2008ರ ಸಂಶೋಧನೆ ತೋರಿಸಿತು. ಬೆರಕೆ ಮೊದಲಿನಿಂದಲೂ ಇದೆ, ಇನ್ನು ಮುಂದೆಯೂ ಇರಲಿ. ಹೊಸ ರಕ್ತ ಬರಲಿ, ಮೊಟ್ಟೆ ಹೆಚ್ಚಲಿ. ಆದರೆ ತನ್ನ ಮುಂದಿನ ತಲೆಮಾರನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿಯನ್ನು ಒತ್ತೆಯಿಟ್ಟು ಬರುವ ಸುಧಾರಣೆಗೆ ನಾವು ಮೊದಲು ಬೆಲೆ ಕೇಳಬೇಕು. ಅಜ್ಜಿ ಕೇಳಿದ್ದು ಅದನ್ನೇ.

ಅಂದು ಊಟ ಮುಗಿದು ಎಲ್ಲರೂ ಹೊರಟ ಮೇಲೆ ಬೋರ್ಡು ಹಾಗೇ ಇತ್ತು. ಅವ್ವನಿಗೆ ಅವಸರ. ಮನೆಯಲ್ಲಿ ಹ್ಯಾಟೆ ಕಾವಿಗೆ ಕೂತು ಹತ್ತೊಂಬತ್ತು ದಿನವಾಗಿತ್ತು. ದಾರಿಯಲ್ಲಿ, “ಏನಂದ್ರವ್ವ ಒಟ್ಟು?” ಎಂದು ಕೇಳಿದೆ.

“ಒಳ್ಳೇದೇ ಹೇಳುದ್ರು. ಮೂರ್ನೇದು ಮಾತ್ರ ಅವ್ರಿಗೆ ಗೊತ್ತಿಲ್ಲ” ಎಂದಳು.